ಸತ್ತವರ ಅರ್ಜಿ ಬರೆಯುವ ಹುಡುಗಿ

ಸಂಪಾದಕರಿಗೆ ನಮಸ್ಕಾರ.

ಹಿಂದೆ ನಿಮಗೆ ಎರಡು ಸಲ ಬರೆದಿದ್ದೆ, ಎರಡೂ ರಸ್ತೆ ಹೊಂಡದ ಬಗ್ಗೆ. ಒಂದನ್ನು ನೀವು ಹಾಕಿದಿರಿ. ಹೊಂಡ ಹಾಗೇ ಇದೆ, ಅದು ಬಿಡಿ. ಈ ಸಲ ಬರೆಯುತ್ತಿರುವುದು ನನ್ನ ಅಣ್ಣನ ಮಗಳ ಬಗ್ಗೆ. ವಯಸ್ಸು ಹದಿನಾರು, ಪಿಯುಸಿ ಮೊದಲ ವರ್ಷ, ಕಾಮರ್ಸ್. ಅವಳಿಗೆ ಸತ್ತವರು ಕಾಣುತ್ತಾರೆ.

ಇಷ್ಟು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಾನೂ ಮೂವತ್ತೈದು ವರ್ಷ ಅಂಚೆ ಕಚೇರಿ ಕೌಂಟರಿನಲ್ಲಿ ಕೂತು ಬಂದವಳು, ರಸೀದಿ ಇಲ್ಲದ ಮಾತು ನಂಬುವ ಅಭ್ಯಾಸ ನನಗಿಲ್ಲ. ಆದರೆ ಮೂರು ತಿಂಗಳಿಂದ ಕಾರವಾರ ಕಡೆಯ ನಮ್ಮ ಮನೆ ಜಗಲಿ ತುಂಬಾ ಜನ. ಅಂಕೋಲಾದವರು, ಕುಮಟಾದವರು, ಗೋವಾ ಗಡಿ ದಾಟಿ ಕಾಣಕೋಣದವರು. ಕಳೆದ ಭಾನುವಾರ ಒಬ್ಬ ಹುಡುಗ ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು ಬಂದ. ಕೇಳಲೂ ಇಲ್ಲ, ಸೀದಾ ಅಡುಗೆಮನೆ ಬಾಗಿಲ ತನಕ ನುಗ್ಗಿದ. 'ಈಗ ಇಲ್ಲಿ ಯಾರಾದ್ರೂ ಇದ್ದಾರಾ?' ಅಂತ ಮೆಲ್ಲಗೆ, ಸಿನಿಮಾ ದನಿಯಲ್ಲಿ ಕೇಳಿದ. ಹುಡುಗಿ ಬಂಗಡೆ ಕೊಯ್ಯುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. 'ಇದ್ದಾರೆ, ನಿನ್ನ ಬೆನ್ನ ಹಿಂದೆ' ಅಂದಳು. ಬೆನ್ನ ಹಿಂದೆ ನಾನು ಪೊರಕೆ ಹಿಡಿದು ನಿಂತಿದ್ದೆ.

ಮುಂದಿನ ವಾರ ಪತ್ರಿಕೆಯವರೂ ಬರುತ್ತಾರಂತೆ ಅಂತ ಊರಲ್ಲಿ ಸುದ್ದಿ. ಯಾವ ಪತ್ರಿಕೆ ಅಂತ ಯಾರಿಗೂ ಗೊತ್ತಿಲ್ಲ. ಯಾರೋ ಬಂದು ಏನೋ ಬರೆಯುವ ಮೊದಲು ಮನೆಯವಳಾದ ನಾನೇ ಬರೆದುಬಿಡೋಣ ಅನ್ನಿಸಿತು. ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ಮೊದಲಿನ ಭಾಗಕ್ಕೆ ಹಾಕಿ, ಕೊನೆಯ ಭಾಗ ಬಿಡಬೇಡಿ.

ಮೊದಲು ಜನ ಕೇಳುವುದಕ್ಕೆ ಉತ್ತರ. ಬಿಳಿ ಸೀರೆ ಇಲ್ಲ, ತಿರುಗಿದ ಪಾದ ಇಲ್ಲ, ಗೆಜ್ಜೆ ಸದ್ದು ಇಲ್ಲ. ಅಮಾವಾಸ್ಯೆ ಹುಣ್ಣಿಮೆಗೂ ಇದಕ್ಕೂ ಸಂಬಂಧ ಇಲ್ಲ. ಜಾಸ್ತಿ ಕಾಣುವುದು ಮಧ್ಯಾಹ್ನ ಮೂರು ಗಂಟೆಗಂತೆ, ಊಟ ಆಗಿ ಊರೆಲ್ಲ ಅಡ್ಡಾದ ಹೊತ್ತಿಗೆ. ಯಾವುದಾದರೂ ವಸ್ತುವಿನ ಹಿಂದೆ ನಿಂತಿರುತ್ತಾರಂತೆ. ಬಾಗಿಲ ಹಿಂದೆ, ಒಣಹಾಕಿದ ಬಲೆಯ ಹಿಂದೆ, ಬಸ್ ಸ್ಟಾಪಿನ ಕಂಬದ ಹಿಂದೆ. ಬಟ್ಟೆ ಮಾಮೂಲಿ ಬಟ್ಟೆ. ಮುಖ ಮಾತ್ರ ಮಳೆಗಾಲದಲ್ಲಿ ಬಸ್ಸಿನ ಗಾಜಿನಾಚೆ ಕೂತವರ ಮುಖದ ಹಾಗೆ, ಗುರುತು ಸಿಗುತ್ತದೆ, ಸರಿಯಾಗಿ ಕಾಣುವುದಿಲ್ಲ. ಎಲ್ಲರೂ ಅವಳ ಹತ್ತಿರ ಮಾತಾಡುವುದಿಲ್ಲ. ಮಾತಾಡುವವರು ಸಣ್ಣ ಸಣ್ಣ ವಿಷಯ ಹೇಳುತ್ತಾರೆ. ಅಂಗಡಿ ಬಾಕಿ. ನೆರೆಯವರಿಂದ ತಂದ ಏಣಿ ವಾಪಸ್ ಕೊಟ್ಟಿಲ್ಲ. ಸ್ವರ್ಗ ನರಕದ ಬಗ್ಗೆ ಕೇಳಿದರೆ ಅವರಿಗೂ ಏನೂ ಗೊತ್ತಿಲ್ಲವಂತೆ.

ಇನ್ನೊಂದು. ಅವಳಿಗೆ ಮುಂದಾಗುವುದು ಏನೂ ಕಾಣುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ಲ, ಅದನ್ನು ಇವಳು ಮೊದಲೇ ಹೇಳಿದ್ದಳು ಅಂತ ಯಾರೋ ಹಬ್ಬಿಸಿದ್ದಾರೆ. ಶುದ್ಧ ಸುಳ್ಳು. ಆ ರಾತ್ರಿ ಅವಳು ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಲಾರಿ ಸಮೇತ ನದಿಗೆ ಬಿದ್ದ ಚಾಲಕನನ್ನು ಬದುಕಿಸಿದ್ದು ದೋಣಿ ತಗೊಂಡು ಹೋದ ಮೀನುಗಾರರು. ಪವಾಡ ಬೇಕಿದ್ದರೆ ಅದನ್ನು ಬರೆಯಿರಿ.

ಭಾಷೆಯ ವಿಷಯವೂ ತಮಾಷೆಯಾಗಿದೆ. ನಮ್ಮ ಕಡೆಯ ಸತ್ತವರು ಕೊಂಕಣಿಯಲ್ಲೇ ಮಾತಾಡುತ್ತಾರೆ, ಅವರ ಮನೆಯವರ ಅರ್ಜಿ ಮಾತ್ರ (ಆ ವಿಷಯ ಮುಂದೆ ಬರುತ್ತದೆ) ಕನ್ನಡದಲ್ಲಿ ಬರೆಯಬೇಕು, ಹಾಗಾಗಿ ಹುಡುಗಿಗೆ ಎರಡು ಕೆಲಸ. ಹೈವೇ ಬದಿ ನಿಂತಿರುವ ಒಬ್ಬ ಲಾರಿಯವನದು ಯಾವ ಭಾಷೆ ಅಂತ ಇವತ್ತಿಗೂ ತಿಳಿದಿಲ್ಲ, ಪಾಪ, ಕೈ ಸನ್ನೆ ಮಾಡುತ್ತಾನಂತೆ. ಮೊನ್ನೆ ಶಿರಸಿ ಕಡೆಯಿಂದ ಒಂದು ಜೀಪು ತುಂಬಾ ಜನ ದೇವಿಮನೆ ಘಟ್ಟ ಇಳಿದು ಬಂದರು. ಅಜ್ಜಿ ತೀರಿಕೊಂಡು ವರ್ಷ ಆಗಿದೆ, ಅವರ ಅವಲಕ್ಕಿ ಸರ ಎಲ್ಲಿದೆ ಅಂತ ಕೇಳಬೇಕಿತ್ತು. ಹುಡುಗಿ ಜೀಪಿನ ಕಡೆ ನೋಡಿ, 'ಆಯಿ ನಿಮ್ಮ ಜೊತೆನೇ ಬಂದಿದ್ದಾರೆ, ಹಿಂದಿನ ಸೀಟಲ್ಲಿ' ಅಂದಳು. ಹಿಂದಿನ ಸೀಟಲ್ಲಿ ಕೂತು ಬಂದಿದ್ದ ಇಬ್ಬರು ಸೊಸೆಯಂದಿರ ಮುಖ ನೋಡಬೇಕಿತ್ತು. ಸರದ ಬಗ್ಗೆ ಆಯಿ ಏನೂ ಹೇಳಲಿಲ್ಲ. 'ಗೌರಿನ ಎಂತಕ್ಕೆ ಕೊಟ್ರಿ' ಅಂತ ಒಂದೇ ಮಾತಂತೆ. ಗೌರಿ ಯಾರು ಅಂತ ಹುಡುಗಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿತ್ತು. ಕೊಟ್ಟಿಗೆ ಖಾಲಿ ಮಾಡಿ ಆರು ತಿಂಗಳಾಗಿತ್ತಂತೆ. ಚಹಾ ಕೂಡ ಕುಡಿಯದೆ ಹೋದರು. ಶಿರಸಿ ಕಡೆ ಮೂರು ಮನೆಗೊಂದು ಗೌರಿ ದನ ಇರುತ್ತದೆ ಅಂತ ನನಗೂ ಗೊತ್ತು, ಅದನ್ನೂ ಬರೆದಿಡುತ್ತೇನೆ.

ಅವಳಿಗೆ ಇದು ಶುರುವಾಗಿದ್ದು ಹನ್ನೆರಡನೇ ವಯಸ್ಸಿಗೆ. ನಮ್ಮಮ್ಮ, ಅಂದರೆ ಅವಳ ಅಜ್ಜಿ, ಹೋದ ಹದಿನೈದನೇ ದಿನ ಅವಳು ಬಾವಿಕಟ್ಟೆ ಹತ್ತಿರ ನಿಂತು ಯಾರ ಜೊತೆಗೋ ಜಗಳ ಆಡುತ್ತಿದ್ದಳು. 'ಅಜ್ಜಿ ಹಗ್ಗ ಬದಲಾಯಿಸಿ ಅಂತಿದ್ದಾಳೆ' ಅಂದಳು. ನಾವು ಗದರಿಸಿದೆವು. ಹಗ್ಗ ಮುಂದಿನ ವಾರ ತುಂಡಾಯಿತು, ಕೊಡಪಾನ ಇನ್ನೂ ಬಾವಿಯಲ್ಲೇ ಇದೆ. ಹಳೇ ಹಗ್ಗ ತುಂಡಾಗುವುದಕ್ಕೆ ಅಜ್ಜಿ ಬಂದು ಹೇಳಬೇಕಾ ಅಂತ ಅಣ್ಣ ಅಂದ. ನ್ಯಾಯವಾದ ಮಾತೇ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿದೆವು, ಬಲಗಡೆಯ ಹೂವು ಬಿತ್ತು. ಊರ ಗಡಿ ಕಾಯುವ ದೇವಚಾರನ ಜಾಗ ದಾಟಿದ್ದಾಳೆ, ಅವನ ದೃಷ್ಟಿ ತಾಗಿದೆ ಅಂತ ದೊಡ್ಡಪ್ಪ ಗಡಿಯಲ್ಲಿ ರೊಟ್ಟಿ, ಬೀಡಿ ಇಟ್ಟು ಬಂದ. ಇದರಲ್ಲೆಲ್ಲ ಯಾರಿಗೂ ನೋವಿಲ್ಲ, ನಾನು ಸುಮ್ಮನಿದ್ದೆ. ಆದರೆ ಸಂಬಂಧಿಕರೊಬ್ಬರು ಯಾರನ್ನೋ ಕರೆದುಕೊಂಡು ಬಂದರು. ಆತ ಜಗಲಿಯಲ್ಲಿ ಕೂತು, ಬಾಗಿಲು ಹಾಕಿ ಮೆಣಸಿನಕಾಯಿ ಹೊಗೆ ಹಾಕಬೇಕು, ಎರಡು ಪೆಟ್ಟು ಬೀಳಬೇಕು, ಆಗ ಒಳಗಿರುವುದು ಬಾಯಿ ಬಿಡುತ್ತದೆ ಅಂದ. ಒಳಗಿರುವುದು ಹನ್ನೆರಡು ವರ್ಷದ ಹುಡುಗಿ. ನಾನು ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಹೇಳಿದೆ, 2017ರಲ್ಲಿ ನಮ್ಮ ರಾಜ್ಯ ಒಂದು ಕಾಯ್ದೆ ಮಾಡಿದೆ, 2020ರ ಜನವರಿಯಿಂದ ಜಾರಿಯಲ್ಲಿದೆ, ದೆವ್ವ ಬಿಡಿಸುತ್ತೇನೆ ಅಂತ ಕಟ್ಟುವುದು, ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು ಎಲ್ಲ ಅದರ ಪಟ್ಟಿಯಲ್ಲೇ ಇದೆ, ಕಮ್ಮಿ ಅಂದರೆ ಒಂದು ವರ್ಷ ಜೈಲು, ಏಳರ ತನಕವೂ ಹೋಗಬಹುದು. ಆತ ದಕ್ಷಿಣೆ ಕೇಳದೆ ಎದ್ದು ಹೋದ. ನಿಮ್ಮ ಓದುಗರ ಮನೆಯಲ್ಲಿ ಇಂಥ ಹುಡುಗಿ ಇದ್ದರೆ ಈ ಸಾಲುಗಳನ್ನು ಕತ್ತರಿಸಿ ಇಟ್ಟುಕೊಳ್ಳಲಿ.

ಅದೇ ಕಾಯ್ದೆ ತೋರಿಸಿ ಈಗ ಕೆಲವರು ನಮ್ಮನ್ನೇ ಹೆದರಿಸುತ್ತಾರೆ, ಅದ್ಭುತ ಶಕ್ತಿ ಇದೆ ಅಂತ ಜನ ಸೇರಿಸುತ್ತಿದ್ದೀರಿ ಅಂತ. ನಾವು ಯಾರನ್ನೂ ಕರೆದಿಲ್ಲ. ಒಂದು ರೂಪಾಯಿ ಮುಟ್ಟಿಲ್ಲ. ಬಂದವರು ಬಿಟ್ಟು ಹೋದ ಎರಡು ತೆಂಗಿನಕಾಯಿ, ಒಂದು ಕುಂಬಳಕಾಯಿ ಮಾತ್ರ ವಾಪಸ್ ಕೊಡಲು ಆಗಿಲ್ಲ.

ಡಾಕ್ಟರ ಹತ್ತಿರವೂ ಹೋಗಿದ್ದೇವೆ. ಮನೋವೈದ್ಯರು, ವಯಸ್ಸಾದವರು. ಒಂದು ಗಂಟೆ ಮಾತಾಡಿಸಿದರು. ನಿದ್ದೆ ಹೇಗೆ, ಊಟ ಹೇಗೆ, ಕ್ಲಾಸಿನಲ್ಲಿ ಗಮನ ಇದೆಯಾ, ಹೀಗೆ ಮಾಡು ಹಾಗೆ ಮಾಡು ಅಂತ ಯಾರಾದರೂ ಆಜ್ಞೆ ಮಾಡಿದ ಹಾಗೆ ಕೇಳಿಸುತ್ತದಾ. ಇಲ್ಲ. ಹೆದರಿಕೆ ಆಗುತ್ತದಾ. 'ಅವರಿಗೇ ನನ್ನ ಕಂಡರೆ ಹೆದರಿಕೆ' ಅಂದಳು ಇವಳು. ಆಮೇಲೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳಿದರು, ಸತ್ತವರು ಕಾಣುವುದು, ಪಕ್ಕದಲ್ಲಿ ಇದ್ದ ಹಾಗೆ ಅನ್ನಿಸುವುದು ನಾವು ಅಂದುಕೊಂಡಷ್ಟು ಅಪರೂಪ ಅಲ್ಲ, ವೇಲ್ಸ್ ದೇಶದಲ್ಲಿ ಡೀವಿ ರೀಸ್ ಅಂತ ಒಬ್ಬ ವೈದ್ಯ ಗಂಡನನ್ನೋ ಹೆಂಡತಿಯನ್ನೋ ಕಳಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದಿದ್ದಾರೆ, ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅಂಥ ಅನುಭವ ಆಗಿತ್ತು ಅಂತ. ಅದು ಹೆಂಡತಿಗೆ ಗಂಡ ಕಂಡ ವಿಷಯ ಸರ್, ಇವಳಿಗೆ ಕಂಡವರ ಗಂಡಂದಿರೆಲ್ಲ ಯಾಕೆ ಕಾಣಬೇಕು ಅಂತ ಕೇಳಿದೆ. 'ಅದು ನನಗೆ ಗೊತ್ತಿಲ್ಲಮ್ಮ' ಅಂದರು. ಗೊತ್ತಿಲ್ಲ ಅನ್ನುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ. ನಿದ್ದೆ ಕೆಟ್ಟರೆ, ಒಬ್ಬಳೇ ಇರಲು ಶುರು ಮಾಡಿದರೆ ತಕ್ಷಣ ಬನ್ನಿ, ರಾತ್ರಿ ಹೊತ್ತು ಏನಾದರೂ ಆದರೆ 14416ಕ್ಕೆ ಫೋನ್ ಮಾಡಿ, ಸರಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಇನ್ನೂ ಬೇಕಾಗಿಲ್ಲ.

ಇನ್ನು ಬೈತಖೋಲದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋಗುವಾಗ ಅವಳು ಯಾವಾಗಲೂ ಕಿಟಕಿ ಬಿಟ್ಟು ಆ ಕಡೆಯ ಸೀಟಿಗೆ ಹೋಗುತ್ತಾಳೆ. ನೌಕಾನೆಲೆಯ ಗೋಡೆ ಉದ್ದಕ್ಕೂ ಮುದುಕ ಮುದುಕಿಯರು ನಿಂತಿರುತ್ತಾರಂತೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯಿತು, 2005ರಲ್ಲಿ ಕದಂಬ ನೌಕಾನೆಲೆ ಉದ್ಘಾಟನೆ ಆಯಿತು, ನಡುವೆ ಅರ್ಗಾ, ಬಿಣಗಾ ಕಡೆಯ ಎಷ್ಟೋ ಮನೆ, ತೋಟ, ದೋಣಿ ಎಳೆಯುವ ದಂಡೆ ಗೋಡೆಯ ಒಳಗೆ ಹೋದವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದದ್ದು ನಿಮಗೆ ಗೊತ್ತೇ ಇದೆ, ನೀವೇ ಬರೆದಿದ್ದೀರಿ. ತೀರ್ಪು ಬರುವ ಮೊದಲೇ ಹೋದವರು ಎಷ್ಟು ಜನ! ಒಬ್ಬ ಅಜ್ಜಿ ತನ್ನ ಬಾವಿ ಹುಡುಕುತ್ತಾ ಗೇಟಿನ ಹತ್ತಿರವೇ ಇದ್ದಾಳಂತೆ. ನಾನು ಕೇಳಿದೆ, ದೆವ್ವಕ್ಕೆ ಗೋಡೆ ಯಾವ ಲೆಕ್ಕ, ಒಳಗೆ ಹೋಗಬಹುದಲ್ವಾ? 'ಪಾಸ್ ಇಲ್ಲ ಅಂತಾಳೆ ಅತ್ತೆ' ಅಂದಳು. ಬದುಕಿದ್ದಾಗಿನ ಹೆದರಿಕೆ ಆಮೇಲೂ ಹೋಗುವುದಿಲ್ಲ ಅಂತ ಕಾಣುತ್ತದೆ.

ಈಗ ನಾನು ಈ ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಒಣಮೀನು ಮಾರುತ್ತಾಳೆ. ಗಂಡ ಆರು ವರ್ಷದ ಹಿಂದೆ ಆಗಸ್ಟ್ ಎರಡನೇ ವಾರ ಸಮುದ್ರಕ್ಕೆ ಹೋದವನು ಬರಲಿಲ್ಲ. ಜೂನ್ ಜುಲೈ ಎರಡು ತಿಂಗಳು ನಿಷೇಧ, ಮನೆಯಲ್ಲಿ ದುಡ್ಡು ಮುಗಿದಿರುತ್ತದೆ, ನಿಷೇಧ ಮುಗಿದ ಮೇಲೆ ಸಮುದ್ರ ಇನ್ನೂ ಸರಿಯಾಗಿ ಇಳಿಯುವ ಮೊದಲೇ ಸಣ್ಣ ದೋಣಿಯವರು ಹೊರಡುತ್ತಾರೆ. ಇವನೂ ಹೊರಟ, ಒಬ್ಬನೇ. ದೋಣಿ ಮೂರನೇ ದಿನ ಬೇಲೇಕೇರಿ ಕಡೆ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ.

ಅವಳು ಇವತ್ತಿಗೂ ಬಳೆ, ಕುಂಕುಮ, ಕರಿಮಣಿ ತೆಗೆದಿಲ್ಲ. ತೆಗೆಯುವಂತೆಯೂ ಇಲ್ಲ. ಕಾಣೆಯಾದವನಿಗೆ ಶಾಸ್ತ್ರದ ಪ್ರಕಾರ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ಮುತ್ತುಗದ 360 ತೊಟ್ಟಿನಲ್ಲಿ ಆಕಾರ ಮಾಡಿ ಸುಟ್ಟು ಗೋಕರ್ಣದಲ್ಲಿ ಕ್ರಿಯೆ ಮಾಡಬೇಕು ಅಂತ ಹಿರಿಯರು. ಕಾನೂನು ಸ್ವಲ್ಪ ದಯೆ ತೋರಿಸಿ ಏಳು ವರ್ಷ ಅನ್ನುತ್ತದೆ. ಅಲ್ಲಿಯ ತನಕ ಮರಣ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲದೆ ವಿಧವಾ ವೇತನ ಇಲ್ಲ. ಮೀನುಗಾರರ 5 ಲಕ್ಷದ ಅಪಘಾತ ವಿಮೆ ಅಂತ ಇದೆಯಲ್ಲ, ಅದಕ್ಕೂ ಅದೇ ಕಾಗದ ಬೇಕು. ಇಂಜಿನ್ ಸಾಲದ ಬಡ್ಡಿಗೆ ಮಾತ್ರ ಯಾವ ಕಾಗದವೂ ಬೇಡ, ಅದು ತಾನಾಗಿಯೇ ಬೆಳೆಯುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಮತ್ತು ಒಣಮೀನಿನ ಬುಟ್ಟಿ, ಇದರಲ್ಲಿ ಇಬ್ಬರು ಮಕ್ಕಳು.

ಒಂದು ವಿಷಯ ಮುಚ್ಚಿಡಬಾರದು. ಗಂಡನ ಹೆಸರಲ್ಲಿ ನಮ್ಮ ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ ಇತ್ತು, ತಿಂಗಳು ತಿಂಗಳು ಕಟ್ಟುವ ಉಳಿತಾಯ, ನಾಮಿನಿ ಇವಳೇ. ಅವನು ಹೋದ ಎರಡನೇ ವರ್ಷ, ದೊಡ್ಡ ಮಗಳ ಶಾಲೆ ಫೀಸಿಗೆ ಅಂತ ಪುಸ್ತಕ ಹಿಡಿದು ಬಂದಳು. ಕೌಂಟರಿನಲ್ಲಿ ಇದ್ದದ್ದು ನಾನು. 'ಮರಣ ಪ್ರಮಾಣಪತ್ರ ತಗೊಂಡು ಬಾ' ಅಂದೆ. 'ಬಾಡಿ ಸಿಕ್ಕಿಲ್ಲ ಅಕ್ಕಾ' ಅಂದಳು. 'ಹಾಗಾದರೆ ಅವನೇ ಬಂದು ಸಹಿ ಹಾಕಬೇಕು' ಅಂದುಬಿಟ್ಟೆ. ನಿಯಮ ಹೇಳಿದ್ದು ಅಷ್ಟೇ, ಆದರೆ ಮಾತು ಹಾಗೆ ಬಂತು. ಅವಳು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಹಿಂದೆ ಎಂಟು ಜನ ಕ್ಯೂ ಇದ್ದರು, ನಾನು ಮುಂದಿನವರನ್ನು ಕರೆದೆ.

ನಾಲ್ಕು ತಿಂಗಳ ಹಿಂದೆ ಅವಳು ಮೀನು ಕೊಡಲು ನಮ್ಮ ಮನೆಗೆ ಬಂದಿದ್ದಾಗ ಹುಡುಗಿ ಪುಸ್ತಕ ಮಡಚಿ ಎದ್ದು ಬಂದಳು. ಅವಳ ಬುಟ್ಟಿಯ ಹಿಂದೆ, ಗೇಟಿನ ಹತ್ತಿರ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ, 'ಮಾವ ಹೇಳ್ತಿದ್ದಾರೆ, ರಿಚಾರ್ಜ್ ಮಾಡಬೇಡ ಅಂತೆ' ಅಂದಳು.

ನನಗೆ ಏನೂ ಅರ್ಥ ಆಗಲಿಲ್ಲ. ಆ ಹೆಂಗಸು ಬುಟ್ಟಿ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಗಂಡನ ನಂಬರಿಗೆ ಅವಳು ಆರು ವರ್ಷದಿಂದ ರಿಚಾರ್ಜ್ ಮಾಡಿಸುತ್ತಾ ಬಂದಿದ್ದಳು. ಫೋನ್ ಅವನ ಜೊತೆಗೇ ನೀರಿಗೆ ಹೋಗಿದೆ. ಆದರೂ ನಂಬರ್ ಬೇರೆಯವರಿಗೆ ಹೋಗಿಬಿಟ್ಟರೆ ಅಂತ. ಇಪ್ಪತ್ತೆಂಟು ದಿನಕ್ಕೊಮ್ಮೆ ಅಂಗಡಿಗೆ ಹೋಗುವುದು, ದುಡ್ಡು ಕೊಡುವುದು, ಮನೆಗೆ ಬಂದು ಒಂದು ಸಲ ಆ ನಂಬರಿಗೆ ಹಚ್ಚುವುದು, ಸ್ವಿಚ್ ಆಫ್ ಆಗಿದೆ ಅಂತ ಆ ಹೆಣ್ಣುದನಿ ಹೇಳುವುದನ್ನು ಪೂರ್ತಿ ಕೇಳುವುದು. ಮಕ್ಕಳಿಗೂ ಹೇಳಿರಲಿಲ್ಲವಂತೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಹುಡುಗಿಗೆ ಹೇಳಿದ್ದು ಇಷ್ಟು: 'ಈ ಸಲದ್ದು ಮಾಡಿ ಆಗಿದೆ ಅಂತ ಹೇಳು.' ಹುಡುಗಿ ಗೇಟಿನ ಕಡೆ ತಿರುಗಿ ಕೇಳಿ ಬಂದು, 'ಆತಾ ಪುರೊ ಅಂತಾರೆ' ಅಂದಳು. ಇನ್ನು ಸಾಕು ಅಂತ. ಅವಳು ನಕ್ಕಳು. ಅವನು ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಬಡಿಸಲು ಹೋದರೆ ಅದೇ ಮಾತು ಹೇಳುತ್ತಿದ್ದನಂತೆ, ಅದೇ ರಾಗದಲ್ಲಿ.

ನಾನು ಅಂಚೆಯವಳು, ಲೆಕ್ಕ ಹಾಕಿದೆ. ರಿಚಾರ್ಜ್ ಅಂಗಡಿ ಹುಡುಗನ ತಂಗಿ ನಮ್ಮ ಹುಡುಗಿಯ ಕ್ಲಾಸಿನವಳು. ಅಲ್ಲಿಂದ ಕಿವಿಗೆ ಬಿದ್ದಿರಬಹುದು, ಮರೆತಿರಬಹುದು, ಆಮೇಲೆ ಹೀಗೆ ಎದ್ದು ಬಂದಿರಬಹುದು. ಇರಲಿ. ಆದರೆ ಆ ಹೆಂಗಸಿಗೆ ಆರು ವರ್ಷದಲ್ಲಿ ನಾನು, ಬ್ಯಾಂಕಿನವರು, ಆಫೀಸಿನವರು ಯಾರೂ 'ಸಾಕು' ಅಂದಿರಲಿಲ್ಲ. ಎಲ್ಲರೂ 'ಇನ್ನೂ ಆಗಿಲ್ಲ' ಅಂದವರೇ.

ಅವತ್ತು ಸಂಜೆ ಅವಳು ಪ್ಲಾಸ್ಟಿಕ್ ಚೀಲದೊಳಗಿನ ಪ್ಲಾಸ್ಟಿಕ್ ಚೀಲ ತಂದಳು. ನಾವು ಮೂವರೂ ಕೂತು ಕಾಗದ ಬಿಡಿಸಿದೆವು. ನಾನು ಕಾನೂನಿನ ಮಾತು ಬಿಡಿಸಿ ಹೇಳಿದೆ: ಒಬ್ಬ ಬದುಕಿದ್ದರೆ ಸಹಜವಾಗಿ ಯಾರಿಗೆ ಅವನ ಸುದ್ದಿ ಬರಬೇಕೋ, ಅಂಥವರಿಗೆ ಏಳು ವರ್ಷ ಯಾವ ಸುದ್ದಿಯೂ ಬರದೇ ಇದ್ದರೆ ಅವನು ಸತ್ತಿದ್ದಾನೆ ಅಂತ ಕೋರ್ಟು ಹಿಡಿಯಬಹುದು. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ, ಹೊಸ ಕಾಯ್ದೆಯಲ್ಲೂ ಅದೇ ನಿಯಮ ಇದೆ. ಅವಳು ಗಮನ ಇಟ್ಟು ಕೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು, ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. 'ಅಕ್ಕಾ, ಈಗ ಇವಳ ಹತ್ತಿರ ಮಾತಾಡಿದ್ದಾರಲ್ಲ. ಅದು ಸುದ್ದಿ ಬಂದ ಹಾಗೆ ಆಗಲ್ವಾ? ಏಳು ವರ್ಷ ಮತ್ತೆ ಮೊದಲಿಂದ ಎಣಿಸಬೇಕಾ?'

ಹುಡುಗಿ ಗಂಭೀರವಾಗಿ, 'ನಾನು ಯಾರಿಗೂ ಹೇಳಲ್ಲ ಮಾಮಿ' ಅಂದಳು.

ಆ ದಿನದಿಂದ ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಕಾಮರ್ಸ್ ಹುಡುಗಿ, ಗೆರೆ ಎಳೆದು ಕಾಲಂ ಮಾಡಿದ್ದಾಳೆ. ಹೆಸರು, ಹೋದ ತಾರೀಖು, ದೋಣಿ ನಂಬರ್, ಕೊನೆಗೆ ನೋಡಿದವರು ಯಾರು, ಪೊಲೀಸರಿಗೆ ದೂರು ಕೊಟ್ಟಿದ್ದಾರಾ, ಪ್ರತಿ ಇದೆಯಾ. ಮಾಜಾಳಿಯಿಂದ ಕುಮಟಾ ತನಕ ಹನ್ನೊಂದು ಹೆಸರು ಆಗಿದೆ. ಕೆಲವನ್ನು ಮನೆಯವರು ಹೇಳಿದ್ದು, ಕೆಲವನ್ನು 'ಅವರೇ' ಹೇಳಿದ್ದು. ಎರಡಕ್ಕೂ ಅವಳು ಬೇರೆ ಬೇರೆ ಬಣ್ಣದ ಪೆನ್ನು ಬಳಸುತ್ತಾಳೆ. ಅವರೇ ಹೇಳಿದ ಬಣ್ಣದಲ್ಲಿ ಪೊಲೀಸ್ ದೂರಿನ ಕಾಲಂ ಯಾವಾಗಲೂ ಖಾಲಿ. ನೀರಿಗೆ ಹೋದವನಿಗೆ ದಡದಲ್ಲಿ ಯಾರು ದೂರು ಕೊಟ್ಟರು ಅಂತ ಹೇಗೆ ಗೊತ್ತಾಗಬೇಕು? ಆದರೆ ಮುಖ್ಯ ಇರುವುದು ಅಲ್ಲೇ. ಹನ್ನೊಂದರಲ್ಲಿ ನಾಲ್ಕು ಮನೆಯವರು ದೂರೇ ಕೊಟ್ಟಿಲ್ಲ. ದೂರು ಕೊಟ್ಟರೆ ಸತ್ತ ಅಂತ ಒಪ್ಪಿಕೊಂಡ ಹಾಗೆ, ಅಪಶಕುನ, ಅಂತ ಬಿಟ್ಟಿದ್ದಾರೆ. ಕಾಣೆಯಾದ ದಿನಕ್ಕೆ ಕಾಗದದ ಸಾಕ್ಷಿ ಇಲ್ಲದೆ ಏಳು ವರ್ಷ ಎಲ್ಲಿಂದ ಎಣಿಸುವುದು? ದಯವಿಟ್ಟು ನಿಮ್ಮ ಓದುಗರು ಕೇಳಿಸಿಕೊಳ್ಳಲಿ: ದೋಣಿ ವಾಪಸ್ ಬರಲಿಲ್ಲ ಅಂದರೆ ಅದೇ ವಾರ ದೂರು ಕೊಡಿ, ಪ್ರತಿ ತಗೊಳ್ಳಿ, ದೇವರ ಪಟದ ಹಿಂದೆ ಇಡಿ. ದೇವರಿಗೂ ಬೇಜಾರಿಲ್ಲ.

ಇದು ಒಬ್ಬರ ಕತೆ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ನಿಮಗೆ ನೆನಪಿರಬೇಕು. ಏಳು ಜನ, ಅದರಲ್ಲಿ ಐವರು ನಮ್ಮ ಜಿಲ್ಲೆಯವರೇ. ನಾಲ್ಕೂವರೆ ತಿಂಗಳ ಮೇಲೆ, 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲ್ವಣ ಹತ್ತಿರ ಸಮುದ್ರದ ತಳದಲ್ಲಿ ಬೋಟು ಸಿಕ್ಕಿತು. ಜನ ಸಿಗಲಿಲ್ಲ. ಶಿರೂರು ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ, ಕೇರಳದ ಲಾರಿ ಚಾಲಕನ ದೇಹ ಗಂಗಾವಳಿ ನದಿಯ ಕೆಸರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಎಪ್ಪತ್ತೆರಡು ದಿನ. ಆ ಎಪ್ಪತ್ತೆರಡು ದಿನ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು, ಸಿಗಲಿ, ಏನಾದರೂ ಸಿಗಲಿ ಅಂತ. ದೇಹ ಸಿಗುವುದು ಎಷ್ಟು ದೊಡ್ಡ ವಿಷಯ ಅಂತ ಈ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ದಾರಿ ಇಲ್ಲ ಅಂತ ಅಲ್ಲ. 2021ರಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದಾಗ ಕಾಣೆಯಾದವರನ್ನು ಏಳು ವರ್ಷ ಕಾಯದೆ ಮೃತರು ಅಂತ ಹಿಡಿದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿದರು. ವಯನಾಡಿನ ಭೂಕುಸಿತ ಆದ ಮೇಲೆ ಕೇರಳ ಸರಕಾರವೂ ನಾಪತ್ತೆಯಾದವರನ್ನು ಮೃತರು ಅಂತ ಘೋಷಿಸಲು ತೀರ್ಮಾನ ಮಾಡಿತು. ಅಂದರೆ ಮನಸ್ಸಿದ್ದರೆ ಒಂದು ಆದೇಶದಲ್ಲಿ ಆಗುವ ಕೆಲಸ. ನೂರಾರು ಜನ ಒಂದೇ ದಿನ ಹೋದರೆ ಆದೇಶ ಬರುತ್ತದೆ, ಆಗಸ್ಟಿನಲ್ಲಿ ಒಬ್ಬ, ಅಕ್ಟೋಬರಿನಲ್ಲಿ ಇನ್ನೊಬ್ಬ ಹೋದರೆ ಮನೆಯವರು ಏಳು ವರ್ಷ ಕಾಯಬೇಕು. ದೋಣಿ ಸಿಕ್ಕಿದೆ, ನೋಡಿದವರು ಇದ್ದಾರೆ, ದೂರು ಇದೆ, ಪಂಚಾಯ್ತಿಯವರು ಬರೆದುಕೊಡುತ್ತಾರೆ, ಮೀನುಗಾರರ ಸಂಘದವರು ಸಹಿ ಹಾಕುತ್ತಾರೆ. ಇಷ್ಟು ಇದ್ದರೆ ಜಿಲ್ಲಾಧಿಕಾರಿ ಮಟ್ಟದಲ್ಲೇ ಒಂದು ವರ್ಷದೊಳಗೆ ತೀರ್ಮಾನ ಆಗುವ ಹಾಗೆ ಮಾಡಬಾರದಾ? ನಮ್ಮ ಕರಾವಳಿಯ ಶಾಸಕರು ಇದನ್ನು ಒಂದು ಸಲ ಸದನದಲ್ಲಿ ಕೇಳಲಿ. ಕೇಳುವುದಕ್ಕೆ ದೆವ್ವ ನಂಬಬೇಕಾಗಿಲ್ಲ.

ಜಗಲಿಗೆ ಬರುವವರಿಗೂ ಒಂದು ಮಾತು. ಬರಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ. ಅವಳಿಗೆ ಅಕೌಂಟೆನ್ಸಿಯಲ್ಲಿ ಹೋದ ಸಲ ಮೂವತ್ತೆಂಟು ಬಂದಿದೆ, ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಒಡವೆ ಎಲ್ಲಿದೆ, ಆಸ್ತಿ ಕಾಗದ ಎಲ್ಲಿದೆ ಅನ್ನುವುದು ಅವಳಿಗೆ ಗೊತ್ತಿಲ್ಲ, ಕೇಳಿದರೂ ಅವರು ಹೇಳುವುದಿಲ್ಲ. ನಿಮ್ಮವರು ಸಮುದ್ರಕ್ಕೋ ನದಿಗೋ ಹೋಗಿ ಬಾರದವರಾದರೆ ಮಾತ್ರ ನಿಮ್ಮ ಕಾಗದಗಳ ಝೆರಾಕ್ಸ್ ತಗೊಂಡು ಬನ್ನಿ, ಭಾನುವಾರ ಬೆಳಿಗ್ಗೆ, ಮತ್ತು ಅವಳನ್ನಲ್ಲ, ನನ್ನನ್ನು ಕೇಳಿ. ನನಗೆ ಯಾರೂ ಕಾಣುವುದಿಲ್ಲ. ಫಾರಂ ತುಂಬಲು ಬರುತ್ತದೆ. ಆ ಕೌಂಟರಿನಲ್ಲಿ ಹೇಳಬಾರದಿದ್ದ ಒಂದು ಮಾತು ಹೇಳಿದ್ದೇನೆ, ಅದರ ಬಾಕಿ ನನ್ನ ಮೇಲಿದೆ.

ಮುಂದಿನ ಆಗಸ್ಟಿಗೆ ಆ ಹೆಂಗಸಿನ ಏಳು ವರ್ಷ ಮುಗಿಯುತ್ತದೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ಕಾರವಾರದಲ್ಲಿ ಯಾರಾದರೂ ವಕೀಲರು ಫೀಸಿಲ್ಲದೆ, ಇಲ್ಲವೇ ಒಣಮೀನಿಗೆ ಈ ಕೆಲಸ ಮಾಡಿಕೊಡುವವರಿದ್ದರೆ ನಿಮ್ಮ ಕಚೇರಿಗೆ ತಿಳಿಸಲಿ, ನನ್ನ ನಂಬರ್ ಲಕೋಟೆಯ ಒಳಗೆ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಊರಿನ ಹೆಸರು, ನನ್ನ ಹೆಸರು ಎರಡೂ ಹಾಕಬೇಡಿ.

ಇತಿ,
ನಿವೃತ್ತ ಅಂಚೆ ನೌಕರಳು
ಕಾರವಾರ ತಾಲೂಕು